ಟ್ರಿಮ್ ಟ್ಯಾಬ್: ಪೆನ್ಸಿಲ್ ದಪ್ಪ ಮೇಲೆ, ಒಂದು ಗೇಣು ದೂರ

ಕೊಡಗಿನಲ್ಲಿ ಕೂತು ಸ್ಪೀಡ್‌ಬೋಟಿನ ಬಗ್ಗೆ ಬರೆಯುತ್ತೇನೆಂದರೆ ನಗುವವರಿದ್ದಾರೆ. ನೌಕಾಪಡೆಯ ಎಂಜಿನ್ ರೂಮಿನಲ್ಲಿ ಹದಿನೈದು ವರ್ಷ ಕಳೆದು ಕುಶಾಲನಗರದಲ್ಲಿ ವರ್ಕ್‌ಶಾಪ್ ತೆರೆದಾಗ ನಮ್ಮ ಚಿಕ್ಕಪ್ಪನೇ ನಕ್ಕಿದ್ದರು. ಈಗ ಪಂಪ್‌ಸೆಟ್ಟು, ಕಳೆ ಕತ್ತರಿಸುವ ಮೆಷಿನ್ನುಗಳ ನಡುವೆ ವರ್ಷಕ್ಕೆ ನಾಲ್ಕೈದು ಬೋಟುಗಳಾದರೂ ಬರುತ್ತವೆ. ಹೆಚ್ಚಿನವು ತೋಟದವರದು. ಮಳೆಗಾಲ ಮುಗಿದ ಮೇಲೆ ಟ್ರೈಲರಿಗೆ ಕಟ್ಟಿ, ಸಂಪಾಜೆ ಘಾಟಿ ಇಳಿಸಿ ಮಂಗಳೂರಿಗೆ ಒಯ್ಯುತ್ತಾರೆ.

ಕಳೆದ ತಿಂಗಳು ಸುಂಟಿಕೊಪ್ಪ ಕಡೆಯವರೊಬ್ಬರು 22 ಅಡಿಯ ಬೋಟ್ ತಂದು ನಿಲ್ಲಿಸಿದರು. "ಅಣ್ಣ, ಟ್ಯಾಬ್ ಹಾಕಿಸಿದ ಮೇಲೆ ಇದಕ್ಕೆ ಹುಚ್ಚು ಹಿಡಿದಿದೆ. 35 ನಾಟ್ (ಗಂಟೆಗೆ ಸುಮಾರು 65 ಕಿ.ಮೀ.) ದಾಟಿದ್ರೆ ಮೂತಿ ಎತ್ತ ಬೇಕಾದ್ರೂ ಎಳೀತದೆ."

ಟ್ಯಾಬ್ ಅಂದರೆ ಟ್ರಿಮ್ ಟ್ಯಾಬ್, ಬೋಟಿನ ಹಿಂದೆ ಏರಿಳಿಯುವ ತಗಡು. ನಾನು ಅದನ್ನು ಆಡಿಸುವ ಸ್ವಿಚ್ಚು, ಮೋಟಾರು ಮುಟ್ಟಲಿಲ್ಲ. ನೇರವಾದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬೋಟಿನ ತಳಕ್ಕೆ ಒತ್ತಿ ಹಿಡಿದು ಹಿಂದಕ್ಕೆ ಚಾಚಿದೆ. ಟ್ಯಾಬ್ ಪೂರ್ತಿ ಮೇಲಕ್ಕೆತ್ತಿದ್ದರೂ ಅದರ ಹಿಂದಿನ ಅಂಚು ಪಟ್ಟಿಗೆ ತಾಗಿಕೊಂಡೇ ಇತ್ತು. ಮುಂದೆ ನೋಡುವುದೇನೂ ಉಳಿದಿರಲಿಲ್ಲ.

ಟ್ರಿಮ್ ಟ್ಯಾಬ್ ಎಂದರೆ ಬೋಟಿನ ಹಿಂಬದಿಯ ಗೋಡೆಗೆ, ಅಂದರೆ ಟ್ರಾನ್ಸಮ್ಮಿಗೆ, ಎಡಬಲ ಕೆಳ ಅಂಚಿನಲ್ಲಿ ಹಿಂಜ್ ಹಾಕಿ ಕೂರಿಸಿದ ಎರಡು ಸ್ಟೀಲ್ ತಗಡು. ಬಾಗಿಸಿದರೆ ನೀರು ಅದಕ್ಕೆ ಬಡಿದು ಕೆಳಮುಖವಾಗುತ್ತದೆ, ಬೋಟಿನ ಹಿಂಭಾಗ ಏಳುತ್ತದೆ, ಮೂತಿ ಇಳಿಯುತ್ತದೆ. ಬೋಟ್ ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಜಾರತೊಡಗುವ ಹಂತಕ್ಕೆ ಬೇಗ ಬರುತ್ತದೆ. ಜನ ಒಂದೇ ಕಡೆ ಕೂತು ಬೋಟ್ ವಾಲಿದ್ದರೆ ಆ ಬದಿಯದನ್ನು ಮಾತ್ರ ಇಳಿಸಿ ನೆಟ್ಟಗೆ ಮಾಡಬಹುದು. ಆದರೆ ಆ ತಗಡಿನ ಮೇಲಿನ ಒತ್ತಡ ವೇಗದ ವರ್ಗದಂತೆ ಏರುತ್ತದೆ: 20 ನಾಟಿನಲ್ಲಿ ಇದ್ದದ್ದು 40ರಲ್ಲಿ ನಾಲ್ಕು ಪಟ್ಟು. ಆ ವೇಗದಲ್ಲೂ ತಗಡು ನೀರಿಗೆ ತಾಗುತ್ತಿದ್ದರೆ ಹಿಂಭಾಗ ಏಳುತ್ತಲೇ ಇರುತ್ತದೆ, ಮೂತಿ ನೀರಲ್ಲಿ ಹೂಳುತ್ತದೆ, ಚುಕ್ಕಾಣಿಗಿಂತ ಮೂತಿಯೇ ದಿಕ್ಕು ಹಿಡಿಯುತ್ತದೆ. ಹಿಂದಿನಿಂದ ಅಲೆ ಬರುತ್ತಿದ್ದರಂತೂ ಬೋಟ್ ಅಡ್ಡ ತಿರುಗುವ ಭಯ.

ಹಾಗಾಗಿ ವೇಗದ ಬೋಟಿಗೆ ಹಿಂಜನ್ನು ಟ್ರಾನ್ಸಮ್ಮಿನ ಕೆಳ ಅಂಚಿಗೆ ಸಮವಾಗಿ ಕೂರಿಸಬೇಡಿ. ಪೆನ್ಸಿಲ್ ದಪ್ಪ, ಅಂದರೆ 6ರಿಂದ 8 ಮಿಲಿಮೀಟರ್ ಮೇಲೆ ಇರಲಿ. ಎತ್ತಿಳಿಸುವ ರಾಡಿನ ಮೇಲಿನ ಪಾದವನ್ನೂ ಸಾಕಷ್ಟು ಎತ್ತರದಲ್ಲಿ ಬಿಗಿಯಿರಿ. ಎಷ್ಟೋ ಜನ ಹಿಂಜ್ ಅಳೆದು ಇದನ್ನು ಮರೆಯುತ್ತಾರೆ, ಟ್ಯಾಬ್ ಪೂರ್ತಿ ಮಡಚುವುದೇ ಇಲ್ಲ. ಭಾರದ, ನಿಧಾನದ ಬೋಟಿಗೆ ಸಮವಾಗಿ ಹಾಕಿದರೂ ನಡೆಯುತ್ತದೆ. ಅಲ್ಲಿ ಟ್ಯಾಬ್ ತಳವನ್ನೇ ಸ್ವಲ್ಪ ಉದ್ದ ಮಾಡಿದಂತೆ.

ಅಡ್ಡಕ್ಕೆ ಅಳತೆ ಹೀಗೆ: ಹೊರ ಮೂಲೆಯಿಂದ ಮೂರು ನಾಲ್ಕು ಇಂಚು ಒಳಗೆ, ಪ್ರೊಪೆಲ್ಲರಿನಿಂದ ಕನಿಷ್ಠ ಒಂದು ಗೇಣು ದೂರ. ಹತ್ತಿರವಾದರೆ ಗಾಳಿ ಬೆರೆತ ನೊರೆ ನೀರು ಪ್ರೊಪೆಲ್ಲರಿಗೆ ಹೋಗುತ್ತದೆ. ಎಂಜಿನ್ ಚೀರುತ್ತದೆ, ಬೋಟ್ ಹೋಗುವುದಿಲ್ಲ. ಬೋಟಿನ ಉದ್ದದ ಪ್ರತಿ ಅಡಿಗೆ ಒಂದು ಇಂಚಿನಂತೆ ಒಂದೊಂದು ಬದಿಗೆ ಟ್ಯಾಬಿನ ಅಗಲ ಎಂಬ ಹಳೇ ಲೆಕ್ಕವಿದೆ. ನನಗೆ ಅದು ವೇಗದ ಬೋಟಿಗೆ ಜಾಸ್ತಿ ಅನ್ನಿಸುತ್ತದೆ. ಜಾಗ ಸಾಲದಿದ್ದರೆ ಅಗಲ ಕಡಿಮೆ ಮಾಡಿ.

"ಹಾರಂಗಿಯಷ್ಟು ಎತ್ತರದಲ್ಲಿ ಬೋಟ್ ಏಳೋದೇ ಇಲ್ಲ, ದೊಡ್ಡ ಟ್ಯಾಬ್ ಹಾಕಿ" ಎನ್ನುವವರೂ ಇದ್ದಾರೆ. ಆ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2859 ಅಡಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿಯ ಔಷಧ ಕಡಿಮೆ ಪಿಚ್ಚಿನ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ಮುನ್ನೂಕುವ, ಪ್ರೊಪೆಲ್ಲರ್, ಟ್ಯಾಬ್ ಅಲ್ಲ.

ಸುಂಟಿಕೊಪ್ಪದವರ ಬೋಟಿಗೆ ಹೊಸದಾಗಿ ಕೂರಿಸಲು ಅರ್ಧ ದಿನ, ಹಳೇ ತೂತುಗಳಿಗೆ ಎರಡು ದಿನ ಹಿಡಿಯಿತು. ಟ್ರಾನ್ಸಮ್ಮಿನ ಫೈಬರ್ ಒಳಗೆ ಪ್ಲೈವುಡ್ ಇರುತ್ತದೆ. ತೂತಿನಿಂದ ನೀರು ಇಳಿದರೆ ಅದು ಕೊಳೆಯುತ್ತದೆ, ನಮ್ಮ ಮಳೆಗಂತೂ ಬೇಗ. ತೆಂಗಿನಕಾಯಿ ತಟ್ಟುವ ಹಾಗೆ ನಾಣ್ಯದಿಂದ ಸುತ್ತ ತಟ್ಟಿ ನೋಡಿದೆ, ಒಂದು ಕಡೆ ಮಾತ್ರ ಮಂಕು ಸದ್ದು. ಅಲ್ಲಿ ಕೆರೆದು ಒಣಗಿಸಿ, ಎಲ್ಲ ತೂತುಗಳನ್ನೂ ದೊಡ್ಡದು ಮಾಡಿ ಎಪಾಕ್ಸಿ ತುಂಬಿದೆ. ಹೊಸ ತೂತಿಗೂ ಅದೇ ಕ್ರಮ: ಮೊದಲು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ ಸ್ಕ್ರೂ ಅಳತೆಗೆ ಕೊರೆಯುವುದು. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು.

ಇಷ್ಟೆಲ್ಲ ಆದಮೇಲೆ ಟ್ರೈಲರಿಗೆ ಏರಿಸಿದರೆ ಬೋಟ್ ಕೂರುವ ಮರದ ಪಟ್ಟಿ ಟ್ರಾನ್ಸಮ್ಮಿನಿಂದ ಆಚೆಗೆ ನಾಲ್ಕು ಇಂಚು ಚಾಚಿ ಟ್ಯಾಬಿನ ತಳಕ್ಕೆ ಗುದ್ದುತ್ತಿತ್ತು. ಘಾಟಿಯ ಮೊದಲ ಗುಂಡಿಗೇ ಹಿಂಜ್ ಬಾಗುತ್ತಿತ್ತು. ಅಂಗಳದಲ್ಲೇ ಗರಗಸ ತಂದು ಪಟ್ಟಿಯ ತುದಿ ಕೊಯ್ದು ಕಳಿಸಿದೆ.