ವಿಪತ್ತಿನ ಪಾಠವೂ ಪಡ್ರೆಯ ನೀರೂ

ವಿಪತ್ತು ನಿರ್ವಹಣೆ ಓದುವ ಕಾಲೇಜು ಮಕ್ಕಳು ಮೊದಲು ಬಾಯಿಪಾಠ ಮಾಡುವ ಇಸವಿಗಳು ಮೂರು: 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿ. ಇವುಗಳ ಬೆನ್ನಿಗೇ 2005ರ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ನೆರೆ ಬಂದ ಮೇಲೆ ಗಂಜಿ ಕೇಂದ್ರ ತೆರೆದರೆ ಸಾಲದು, ಬರುವ ಮುಂಚೆಯೇ ತಯಾರಿರಬೇಕು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಆ ವರ್ಷಗಳಲ್ಲಿ.

ಕಾಸರಗೋಡಿನವರಿಗೆ ಈ ಪಟ್ಟಿ ಸಾಲದು. ನಮ್ಮ ದೊಡ್ಡ ವಿಪತ್ತಿಗೆ ತಾರೀಕೇ ಇಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆದರು. ಗೇರು ಇರುವುದು ಗುಡ್ಡೆಯ ಮೇಲೆ. ಮನೆ, ಅಡಿಕೆ ತೋಟ ಕೆಳಗೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗದ ಕಡೆ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಸುರಂಗದ್ದು. ಗುಡ್ಡೆಗೆ ಅಡ್ಡಲಾಗಿ ಕೊರೆದ, ಆಳು ಬಗ್ಗಿ ನುಗ್ಗುವಷ್ಟು ಕಿಂಡಿ, ಒಳಗೆ ಮುರಕಲ್ಲಿನಿಂದ ಜಿನುಗುವ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ಬದಿಗೆ ಬರುತ್ತದೆ. ಔಷಧಿ ಹೊಡೆಯುವಾಗ ನೀರಿನ ಮೂಲಗಳನ್ನು ಮುಚ್ಚಬೇಕೆಂಬ ನಿಯಮವೇನೋ ಇತ್ತು. ಬಾವಿಗೆ ತೆಂಗಿನ ಮಡಲು ಹೊದಿಸಬಹುದು. ಸುರಂಗಕ್ಕೆ ನೀರು ಇಳಿಸುವ ಗುಡ್ಡೆಗೆ ಏನು ಹೊದಿಸುವುದು?

ಮುನ್ಸೂಚನೆ ಇರಲಿಲ್ಲ ಎನ್ನುವಂತಿಲ್ಲ. ಅಂಗವೈಕಲ್ಯದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಆರಂಭದಲ್ಲೇ ಬರೆದರು. ತನ್ನಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಪ್ರದೇಶದವರು ಹೆಚ್ಚೆಂದು ಡಾ. ವೈ.ಎಸ್. ಮೋಹನ ಕುಮಾರ್ ಗುರುತಿಸಿದರು. ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ಔಷಧಿ ಹೊಡೆಯುವುದಕ್ಕೆ ಕೋರ್ಟಿನಿಂದ ತಡೆಯಾಜ್ಞೆ ತಂದರು. ಪಠ್ಯಪುಸ್ತಕದಲ್ಲಿ ಮುನ್ನೆಚ್ಚರಿಕೆ ಎಂದರೆ ಉಪಗ್ರಹ, ಸೈರನ್ನು. ಇಲ್ಲಿ ಅದು ಹಟ್ಟಿಯಿಂದ, ಕ್ಲಿನಿಕ್ಕಿನಿಂದ ಬಂದಿತ್ತು, ಕೇಳಬೇಕಾದವರು ಕೇಳಲಿಲ್ಲ. 2005ರ ಕಾಯ್ದೆಯೇ ನಿರ್ಲಕ್ಷ್ಯದಿಂದಾದ ಹಾನಿಯನ್ನೂ ವಿಪತ್ತೆಂದು ಒಪ್ಪುತ್ತದೆ. ತರಗತಿಯಲ್ಲಿ ‘ನಿರ್ಲಕ್ಷ್ಯ’ ಎಂಬ ಆ ಒಂದು ಪದದ ಮೇಲೆ ಇಡೀ ದಿನ ಚರ್ಚೆಯಾಗಬೇಕು ಎಂಬುದು ನನ್ನ ಆಸೆ.

ಮಾನವ ಭದ್ರತೆ ಎಂಬ ವಿಚಾರ ಜಗತ್ತಿನ ಗಮನ ಸೆಳೆದದ್ದು ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿಯಿಂದ. ಗಡಿ ಕಾಯುವುದಷ್ಟೇ ಭದ್ರತೆಯಲ್ಲ. ಅನ್ನ, ಆರೋಗ್ಯ, ಪರಿಸರವೂ ಭದ್ರತೆಯೇ ಎಂದಿತು ಅದು. ಆಗ ನಮ್ಮಲ್ಲಿ ಹೆಲಿಕಾಪ್ಟರ್ ಇನ್ನೂ ಹಾರುತ್ತಿತ್ತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನ್ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದದ್ದು 2017ರಲ್ಲಿ. ಅದಕ್ಕೂ ಹಲವರು ಮತ್ತೆ ಕೋರ್ಟು ಹತ್ತಬೇಕಾಯಿತು.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ಕಾಯಿಲೆ ಜೋರಾದರೆ ಮಂಗಳೂರೇ ಗತಿ ಎಂದಿದ್ದ ನಮ್ಮವರ ಆಂಬುಲೆನ್ಸುಗಳು ವಾಪಸು ಬಂದವು, ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಪಡ್ರೆಗೆ ಹತ್ತಿರದ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದ್ದರು. ಅಲ್ಲಿ ರೋಗಿಗಳಿಗೆ ಹಾಸಿಗೆ ಬಿದ್ದದ್ದು ಗಡಿ ಮುಚ್ಚಿದ ಮೇಲೆ, ಆ ಏಪ್ರಿಲಿನಲ್ಲಿ.