ಕಣ್ಣು ಮೋಸಹೋಗುವ ಚಿತ್ರಕ್ಕೆ ಬೆರಳೂ ಮೋಸಹೋಗುತ್ತದೆಯೇ?

ಪ್ರಶ್ನೆ: ಒಂದೇ ಅಳತೆಯ ಎರಡು ಗೆರೆಗಳು ತುದಿಯ ಬಾಣಗಳಿಂದಾಗಿ ಉದ್ದ, ಗಿಡ್ಡವಾಗಿ ಕಾಣುತ್ತವಲ್ಲ, ಕಣ್ಣು ಮುಚ್ಚಿ ಮುಟ್ಟಿದರೆ ನಿಜವಾದ ಉದ್ದ ತಿಳಿಯುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಬೆರಳೂ ಅದೇ ದಿಕ್ಕಿನಲ್ಲಿ ತಪ್ಪುತ್ತದೆ. ಇದು 1889ರಲ್ಲಿ ಜರ್ಮನಿಯ ಮನೋವೈದ್ಯ ಮ್ಯೂಲರ್-ಲೈಯರ್ ಪ್ರಕಟಿಸಿದ ಚಿತ್ರ. ಇದನ್ನು ಉಬ್ಬುಗೆರೆಯಲ್ಲಿ ಮಾಡಿ ಕೊಟ್ಟಾಗ ಹುಟ್ಟಿನಿಂದಲೇ ದೃಷ್ಟಿಯಿಲ್ಲದವರಿಗೂ ಭ್ರಮೆಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗಾಗಿ ದೂರ, ಹತ್ತಿರಗಳನ್ನು ನೋಡಿದ ಅಭ್ಯಾಸವೊಂದೇ ಇದಕ್ಕೆ ಕಾರಣ ಎಂಬ ಜನಪ್ರಿಯ ವಿವರಣೆ ಸಾಲದು.

ನೀವೇ ಪರೀಕ್ಷಿಸಬಹುದು. ದಪ್ಪ ರಟ್ಟಿನ ಮೇಲೆ 10 ಸೆಂ.ಮೀ. ಉದ್ದದ ಎರಡು ದಾರಗಳನ್ನು ಅಂಟಿಸಿ. ಒಂದರ ಎರಡೂ ತುದಿಗೆ 3 ಸೆಂ.ಮೀ. ದಾರದ ಎರಡೆರಡು ತುಂಡುಗಳನ್ನು ಒಳಮುಖವಾಗಿ (ಗೆರೆಯ ಕಡೆಗೆ ಮಡಚಿದಂತೆ), ಇನ್ನೊಂದಕ್ಕೆ ಹೊರಮುಖವಾಗಿ (ಗೆರೆಯಿಂದಾಚೆಗೆ ಚಾಚಿದಂತೆ), ಸುಮಾರು 30 ಡಿಗ್ರಿ ಓರೆಯಲ್ಲಿ ಜೋಡಿಸಿ. ಅಂಟು ಪೂರ್ತಿ ಒಣಗಲಿ, ದಾರ ಜರುಗಿದರೆ ಫಲಿತಾಂಶ ಕೆಡುತ್ತದೆ. ರಟ್ಟನ್ನು ಮೊದಲೇ ನೋಡಿರದವರ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ತೋರುಬೆರಳಿನಿಂದ ಗೆರೆಯುದ್ದಕ್ಕೂ ಸವರಲು ಹೇಳಿ. ಹೊರಮುಖದ್ದು ಉದ್ದ ಎನ್ನುವವರೇ ಹೆಚ್ಚು. ಹೆಬ್ಬೆರಳು, ತೋರುಬೆರಳುಗಳನ್ನು ಎರಡು ತುದಿಗಿಟ್ಟು ಗೇಣಿನಂತೆ ಅಳೆಯಲು ಬಿಟ್ಟರೆ ಭ್ರಮೆ ತಗ್ಗಬಹುದು. ಸ್ಪರ್ಶದಲ್ಲಿ ಹೇಗೆ ಮುಟ್ಟುತ್ತೇವೆ ಎಂಬುದೇ ಅರ್ಧ ಉತ್ತರ.

ಫಲಿತಾಂಶ ಒಂದೇ ಇದ್ದರೂ ಕಾರಣ ಬೇರೆಯಿರಬಹುದು. ನಿಂತ ಗೆರೆ ಮಲಗಿದ ಗೆರೆಗಿಂತ ಉದ್ದವಾಗಿ ಕಾಣುವ ಭ್ರಮೆಯನ್ನೇ ನೋಡಿ. ಮೇಜಿನ ಮೇಲಿಟ್ಟು ಸವರುವಾಗ ಬೆರಳಿಗೂ ಹಾಗೇ ಅನಿಸುತ್ತದೆ. ಆದರೆ ಅಲ್ಲಿ ತೋಳಿನ ಚಲನೆಯೂ ಸೇರಿಕೊಂಡಿದೆ: ಮೈಯಿಂದ ದೂರಕ್ಕೆ ಸರಿಸಿದ್ದು ಅಡ್ಡಕ್ಕೆ ಸರಿಸಿದ್ದಕ್ಕಿಂತ ಹೆಚ್ಚೆನಿಸುತ್ತದೆ.

ಇನ್ನು ಚರ್ಮದ ಸ್ವಂತ ಭ್ರಮೆಗಳು. ತೋರುಬೆರಳ ಮೇಲೆ ನಡುಬೆರಳನ್ನು ಹೆಣೆದು, ತುದಿಗಳ ನಡುವಿನ ಕವಲಿನಲ್ಲಿ ಬಟಾಣಿಯಷ್ಟು ದೊಡ್ಡ ಗುಂಡನ್ನು ಉರುಳಿಸಿದರೆ ಎರಡು ಗುಂಡುಗಳಿದ್ದಂತೆ ಭಾಸವಾಗುತ್ತದೆ. ಅರಿಸ್ಟಾಟಲ್ ಕಾಲದಿಂದಲೂ ಇದು ಗೊತ್ತು. ಈ ಬೆರಳುಗಳ ಹೊರಬದಿಗಳೆರಡಕ್ಕೂ ಒಂದೇ ಚಿಕ್ಕ ವಸ್ತು ಸಾಮಾನ್ಯವಾಗಿ ತಾಗುವುದಿಲ್ಲ. ಬೆರಳು ಹೆಣೆದಿದೆ ಎಂಬುದನ್ನು ಮಿದುಳು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಎರಡು ವಸ್ತುಗಳೆಂದು ಎಣಿಸುತ್ತದೆ. ಗುಂಡು ಒಂದೇ ಬೆರಳಿಗೆ ತಾಗಿದರೆ ಏನೂ ಆಗದು. ದೂರದ ವಸ್ತುವನ್ನು ದಿಟ್ಟಿಸುವಾಗ ಮೂಗಿನ ಮುಂದೆ ಹಿಡಿದ ಬೆರಳು ಎರಡಾಗಿ ಕಾಣುವುದು ಇದರ ಹತ್ತಿರದ ನೆಂಟ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು 1896ರಲ್ಲಿ ಸ್ವೀಡನ್ನಿನ ಶರೀರಶಾಸ್ತ್ರಜ್ಞ ತುನ್‌ಬೆರ್ಗ್ ವರದಿ ಮಾಡಿದ ಭ್ರಮೆ. ಸುಮಾರು 20 ಮತ್ತು 40 ಡಿಗ್ರಿ ಸೆಲ್ಸಿಯಸ್‌ನ ಸರಳುಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿ ಅಂಗೈ ಇಟ್ಟರೆ ಅನೇಕರಿಗೆ ಸುಟ್ಟಂತೆ ಉರಿಯುತ್ತದೆ. ಬಿಡಿಯಾಗಿ ಮುಟ್ಟಿದರೆ ಒಂದು ಬರೀ ಬೆಚ್ಚಗೆ, ಇನ್ನೊಂದು ತಂಪು. ತಂಪಿನ ಸಂಕೇತ ಸಾಮಾನ್ಯವಾಗಿ ನೋವಿನ ದಾರಿಯನ್ನು ಅದುಮಿಡುತ್ತದೆ, ಪಕ್ಕದ ಬಿಸಿ ಆ ಹಿಡಿತವನ್ನು ಸಡಿಲಿಸುತ್ತದೆ ಎಂಬುದು ಪ್ರಮುಖ ವಿವರಣೆ. ಉರಿ ಬರಲಿಲ್ಲವೆಂದು ಬಿಸಿ ಏರಿಸಬೇಡಿ. 45 ಡಿಗ್ರಿಯ ಆಸುಪಾಸಿನಲ್ಲಿ ನಿಜವಾದ ನೋವೇ ಶುರುವಾಗುತ್ತದೆ.