ಕೆಜಿ-ಡಿ6: ಜಗಳದ ಒಂದು ತುದಿ ಕಡಲ ತಳದಲ್ಲಿದೆ

ಕೆಜಿ-ಡಿ6 ಎಂದರೆ ಆಂಧ್ರದ ಕರಾವಳಿಯಾಚೆ, ಕೃಷ್ಣಾ-ಗೋದಾವರಿ ಜಲಾನಯನದಲ್ಲಿ ರಿಲಯನ್ಸ್ ಕಂಪನಿ ಗ್ಯಾಸ್ ತೆಗೆಯುವ ಬ್ಲಾಕು. ಅದರ ಖರ್ಚಿನ ಲೆಕ್ಕದ ಮೇಲೆ ಕಂಪನಿಗೂ ಕೇಂದ್ರ ಸರ್ಕಾರಕ್ಕೂ ನಡೆದ ಜಗಳದ ಸುದ್ದಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಮಧ್ಯಸ್ಥಿಕೆ, ಕೋರ್ಟು, ಸಾವಿರಾರು ಕೋಟಿ. ಎಷ್ಟು ಓದಿದರೂ ಬುಡ ತುದಿ ಸಿಗುವುದಿಲ್ಲ. ವಕೀಲರ ಮಾತು ಸ್ವಲ್ಪ ಬದಿಗಿಟ್ಟು ಸಮುದ್ರದ ತಳಕ್ಕೆ ಇಳಿದು ನೋಡೋಣ. ದುಡ್ಡಿನ ದೊಡ್ಡ ಪಾಲು ಹೋಗಿ ಕೂತಿರುವುದು ಅಲ್ಲೇ.

1974ರಲ್ಲಿ ಮುಂಬೈಯಾಚೆಯ ಕಡಲಲ್ಲಿ ಬಾಂಬೆ ಹೈ ತೈಲ ನಿಕ್ಷೇಪ ಸಿಕ್ಕಾಗ ಇಂಥ ತಾಪತ್ರಯ ಇರಲಿಲ್ಲ. ಅಲ್ಲಿ ನೀರು ನೂರು ಮೀಟರ್ ಕೂಡ ಆಳವಿಲ್ಲ. ಕಬ್ಬಿಣದ ಕಾಲೂರಿ ಪ್ಲಾಟ್‌ಫಾರ್ಮ್ ನಿಲ್ಲಿಸಿದರೆ ಆಯಿತು. 2002ರಲ್ಲಿ ಕಾಕಿನಾಡದಾಚೆಯ ಕಡಲಲ್ಲಿ ಗ್ಯಾಸ್ ಸಿಕ್ಕಿದ್ದು ಸಾವಿರ ಮೀಟರ್ ಆಸುಪಾಸಿನ ನೀರಿನಡಿ. ಮುಳುಗುಗಾರರು ಅಲ್ಲಿಗೆ ಹೋಗಲಾರರು. ಬಾವಿಯ ಬಾಯಿ, ವಾಲ್ವು, ಮೀಟರು ಎಲ್ಲವೂ ತಳದಲ್ಲೇ ಕೂರಬೇಕು. ಅವನ್ನು ಮೇಲಿನಿಂದ ಆಡಿಸುವುದು ಅಂಬಿಲಿಕಲ್ ಎಂಬ ಉದ್ದನೆಯ ಬಳ್ಳಿ. ಹೆಸರೇ ಹೇಳುವ ಹಾಗೆ, ಹೊಕ್ಕುಳಬಳ್ಳಿ.

ಅದನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಒಳಗೆ ಹಗ್ಗದ ಹಾಗೆ ಹುರಿಗೊಂಡ ಸಣ್ಣ ಸ್ಟೀಲ್ ಕೊಳವೆಗಳು, ನಡುವೆ ಕರೆಂಟಿನ ಕೇಬಲ್, ಆಪ್ಟಿಕಲ್ ಫೈಬರ್, ಸಂದಿಯಲ್ಲೆಲ್ಲ ಪ್ಲಾಸ್ಟಿಕ್. ಹಿಂದೆ ಕೊಳವೆಯ ಜಾಗದಲ್ಲಿ ಪ್ಲಾಸ್ಟಿಕ್ ಹೋಸ್ ಇರುತ್ತಿತ್ತು. ಪೈಪಿನಲ್ಲಿ ಗ್ಯಾಸ್ ನೀರಿನೊಡನೆ ಹೆಪ್ಪುಗಟ್ಟದಿರಲೆಂದು ಕೆಳಗೆ ಕಳಿಸುವ ಮೆಥನಾಲ್ ಅದರ ಗೋಡೆಯಿಂದಲೇ ಜಿನುಗುತ್ತಿತ್ತು. ಆಳದ ಒತ್ತಡಕ್ಕೆ ಚಪ್ಪಟೆಯಾಗುವ ಭಯ ಬೇರೆ. 1990ರ ದಶಕದಲ್ಲಿ ಸ್ಟೀಲ್ ಬಂತು. ಕೊಳವೆಯೊಳಗಿನ ದ್ರವದ ಒತ್ತಡವೇ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಒತ್ತಡ ಹೋಯಿತೋ, ಸ್ಪ್ರಿಂಗ್ ತಾನಾಗಿ ಮುಚ್ಚಿಬಿಡುತ್ತದೆ. ಅಂದರೆ ಬಳ್ಳಿ ತುಂಡಾದರೆ ಬಾವಿಯೂ ಬಾಯಿ ಮುಚ್ಚಿಕೊಳ್ಳುತ್ತದೆ. ನನಗಂತೂ ಇಡೀ ವ್ಯವಸ್ಥೆಯಲ್ಲಿ ಇಷ್ಟವಾಗುವ ಜಾಣತನ ಇದೊಂದೇ.

ತೊಡಕಿರುವುದು ಅಳತೆಯಲ್ಲಿ. ಎಷ್ಟು ಬಾವಿ, ಎಷ್ಟು ದೂರ, ದಿನಕ್ಕೆ ಎಷ್ಟು ಗ್ಯಾಸ್ ಎಂದು ಮೊದಲೇ ಅಂದಾಜು ಮಾಡಿ ಇವನ್ನೆಲ್ಲ ಆರ್ಡರ್ ಕೊಡಬೇಕು. ಮನೆಯಲ್ಲಾದರೆ ಆಮೇಲೆ ಗೋಡೆ ಒಡೆದು ಇನ್ನೊಂದು ಪೈಪು ಹಾಕಬಹುದು. ಇಲ್ಲಿ ಆಗುತ್ತಾ?

2004ರ ಯೋಜನೆಯಲ್ಲಿ ದಿನಕ್ಕೆ 4 ಕೋಟಿ ಘನ ಮೀಟರ್ ಗ್ಯಾಸ್, ಸುಮಾರು 240 ಕೋಟಿ ಡಾಲರ್ ಖರ್ಚು ಎಂದಿತ್ತು. 2006ರಲ್ಲಿ ಗ್ಯಾಸ್ 8 ಕೋಟಿಯಾಯಿತು, ಖರ್ಚು ಎರಡು ಹಂತ ಸೇರಿ 880 ಕೋಟಿ ಡಾಲರ್ ದಾಟಿತು. 2009ರ ಏಪ್ರಿಲ್‌ನಲ್ಲಿ ಗ್ಯಾಸ್ ಬಂತು. 2010ರಲ್ಲಿ 6 ಕೋಟಿ ಮುಟ್ಟಿದ್ದೇ ಕೊನೆ, ಆಮೇಲೆ ಇಳಿಮುಖ. ಬಾವಿಗಳಿಗೆ ನೀರು, ಮರಳು ನುಗ್ಗಿತು. 2020ರ ಫೆಬ್ರುವರಿಯಲ್ಲಿ ಈ ಗ್ಯಾಸ್ ಕೊಡುತ್ತಿದ್ದ ಮೊದಲ ಎರಡು ನಿಕ್ಷೇಪಗಳ ಉತ್ಪಾದನೆ ನಿಂತೇ ಹೋಯಿತು.

ಸರ್ಕಾರದ ಜೊತೆಗಿನ ಒಪ್ಪಂದದ ಪ್ರಕಾರ ಕಂಪನಿ ಮೊದಲು ಖರ್ಚು ಹಿಂಪಡೆಯುತ್ತದೆ, ಲಾಭದ ಹಂಚಿಕೆ ಆಮೇಲೆ. ಕಟ್ಟಿದ್ದು ಜಾಸ್ತಿ, ಬಳಸಿದ್ದು ಕಮ್ಮಿ, ಹಾಗಾಗಿ ಪೂರ್ತಿ ಖರ್ಚು ಒಪ್ಪುವುದಿಲ್ಲ ಎಂಬುದು ಸರ್ಕಾರದ ವಾದ. ನೆಲದೊಳಗಿನ ಅಚ್ಚರಿಗೆ ನಾವು ಹೊಣೆಯೇ ಎಂಬುದು ಕಂಪನಿಯದು. 2011ರಲ್ಲೇ ವಿಷಯ ಮಧ್ಯಸ್ಥಿಕೆಗೆ ಹೋಯಿತು. (ಪಕ್ಕದ ಬ್ಲಾಕಿನ ಗ್ಯಾಸ್ ಹರಿದು ಬಂತು ಎನ್ನುವುದು ಬೇರೆಯೇ ಕೇಸು. ಎರಡನ್ನೂ ಕಲಸಿದರೆ ತಲೆ ಕೆಡುತ್ತದೆ.) ಗ್ಯಾಸ್ ಕಮ್ಮಿ ಎಂದು ಗೊತ್ತಾಗುವ ಹೊತ್ತಿಗೆ ಸ್ಟೀಲೆಲ್ಲ ಕೆಳಗಿಳಿದಾಗಿತ್ತು ಎನ್ನುವುದನ್ನು ಮಾತ್ರ ಇಬ್ಬರ ಲೆಕ್ಕದ ಪುಸ್ತಕವೂ ಸಲೀಸಾಗಿ ಹಿಡಿದಿಡುವುದಿಲ್ಲ.

2020ರ ಡಿಸೆಂಬರಿನಲ್ಲಿ ಅದೇ ಬ್ಲಾಕಿನ ಆರ್-ಕ್ಲಸ್ಟರ್ ಎಂಬ ಇನ್ನೊಂದು ನಿಕ್ಷೇಪ ಶುರುವಾಯಿತು, 2,000 ಮೀಟರಿಗಿಂತ ಆಳದಲ್ಲಿ. ಅದರ ಗ್ಯಾಸ್ ಸುಮಾರು 60 ಕಿಲೋಮೀಟರ್ ಹರಿದು ಬಂದು ಸೇರಿದ್ದು ಮೊದಲ ಬಾವಿಗಳಿಗೆಂದು ಕಟ್ಟಿದ್ದ ಹಳೆಯ ಪ್ಲಾಟ್‌ಫಾರ್ಮಿಗೆ. ಬಳ್ಳಿ ಹೊಸದು, ಮನೆ ಹಳೆಯದು. 2021ರಲ್ಲಿ ಸ್ಯಾಟಲೈಟ್ ಕ್ಲಸ್ಟರ್, 2023ರಲ್ಲಿ ಎಂಜೆ ಎಂಬ ನಿಕ್ಷೇಪಗಳೂ ಸೇರಿಕೊಂಡವು. ಮೂರೂ ಸೇರಿ ದಿನಕ್ಕೆ 3 ಕೋಟಿ ಘನ ಮೀಟರಿನಷ್ಟು ಮುಟ್ಟಿದವು. ಹಾಗಾದರೆ ಆ ಹಳೆಯ ಕಟ್ಟೋಣ ಈಗ ಯಾವ ಗ್ಯಾಸಿನ ಖಾತೆಗೆ?

ದಡದ ಗಾಡಿಮೊಗದಿಂದ ಹೊರಟು, ನಮ್ಮ ಬೀದರ್ ಜಿಲ್ಲೆಯನ್ನೂ ಹಾದು ಗುಜರಾತ್ ಮುಟ್ಟುವ 1,400 ಕಿಲೋಮೀಟರ್ ಪೈಪ್‌ಲೈನ್ ಇದೆಯಲ್ಲ, ಅದನ್ನು ಹಾಕಿದ್ದೂ ಅದೇ 8 ಕೋಟಿಯ ಅಂದಾಜಿಗೆ.